ಹಬ್ಬದ ಸಾಲಿನ ನಡುವೆ 42 ಕಿಲೋಮೀಟರ್

ಮುಂಬೈ ಮ್ಯಾರಥಾನ್ ನಡೆಯುವುದು ಜನವರಿಯ ಮೂರನೇ ಭಾನುವಾರ. ಮೊದಲ ಸಲ ಪೂರ್ತಿ 42.195 ಕಿಲೋಮೀಟರ್ ಓಡುವವರಿಗೆ ಸಾಮಾನ್ಯವಾಗಿ 16ರಿಂದ 18 ವಾರದ ತಯಾರಿ ಬೇಕು ಅನ್ನುತ್ತಾರೆ. ಈಗ ಅಲ್ಲಿಂದ ಹಿಂದಕ್ಕೆ ಎಣಿಸುತ್ತಾ ಬನ್ನಿ. ಸಂಕ್ರಾಂತಿ, ಅದರ ಹಿಂದೆ ಡಿಸೆಂಬರಿನ ಮದುವೆಗಳು, ತುಳಸಿ ಹಬ್ಬ, ದೀಪಾವಳಿ, ಸೀಗಿ ಹುಣ್ಣಿಮೆ, ದಸರಾ, ಒಂದೊಂದು ವರ್ಷ ಚೌತಿಯೂ ಸೇರಿ, ಸೆಪ್ಟೆಂಬರ್ ಮಧ್ಯಕ್ಕೆ ಬಂದು ನಿಲ್ಲುತ್ತೀರಿ. ನಮ್ಮ ಕಡೆ ವರ್ಷದ ಮುಖ್ಯವಾದ ಊಟಗಳೆಲ್ಲ ಇರುವುದೇ ಈ 18 ವಾರದಲ್ಲಿ. ನೆಂಟರ ಮನೆಗೆ ಹೋಗಿಬರುವುದೂ ಆಗಲೇ.

ನನ್ನ ತವರು ಧಾರವಾಡ. ಗಂಡನ ಮನೆ ಶಿರಸಿ ಹತ್ತಿರದ ಹಳ್ಳಿ. ಸಂಸಾರ ಬೆಂಗಳೂರಿನಲ್ಲಿ, ಸಹಕಾರನಗರದ ಹತ್ತಿರ. ಅಂದಮೇಲೆ ಹಬ್ಬಕ್ಕೆ ಒಂದು ಕಡೆ ಹೋದರೆ ಇನ್ನೊಂದು ಕಡೆ ಮುನಿಸು, ಎರಡೂ ಕಡೆ ಹೋದರೆ ರಾತ್ರಿ ಬಸ್ಸಿನಲ್ಲೇ ಅರ್ಧ ತಿಂಗಳು. ಇದರ ಮಧ್ಯೆ ವಾರಕ್ಕೆ ನಾಲ್ಕು ಸಲ ಓಡಬೇಕು, ಅದರಲ್ಲಿ ಒಂದು ಉದ್ದದ ಓಟ, ಅದು ಬೆಳೆಯುತ್ತಾ ಬೆಳೆಯುತ್ತಾ 32 ಕಿಲೋಮೀಟರಿಗೆ ಹೋಗಬೇಕು.

ಅಂತರ್ಜಾಲದಲ್ಲಿ ಸಿಗುವ ತಯಾರಿ ಪಟ್ಟಿಗಳನ್ನು ನೋಡಿದರೆ ಬರೆದವರಿಗೆ ಅತ್ತೆಮನೆ ಅನ್ನುವುದೇ ಇಲ್ಲವೇನೋ ಅನ್ನಿಸುತ್ತದೆ. ಎಲ್ಲಾ ಭಾನುವಾರವೂ ಖಾಲಿ ಇರುತ್ತವೆ ಅವರಿಗೆ! ಹಾಗಾಗಿ ನಾನು ಪಟ್ಟಿಯಿಂದ ಶುರು ಮಾಡಲಿಲ್ಲ. ಗೋಡೆಯ ಕ್ಯಾಲೆಂಡರ್ ಇಳಿಸಿ ಊಟದ ಮೇಜಿನ ಮೇಲೆ ಹರವಿದೆ. ತಪ್ಪಿಸಲಾಗದ ಹಬ್ಬ, ಮದುವೆ, ಮಕ್ಕಳ ಪರೀಕ್ಷೆ, ನಮ್ಮವರು ಕೆಲಸದ ಮೇಲೆ ಊರು ಬಿಡುವ ದಿನಗಳಿಗೆ ಕೆಂಪು ಗುರುತು ಹಾಕಿದೆ. ಆಮೇಲೆ ಉಳಿದ ಜಾಗದಲ್ಲಿ ಉದ್ದದ ಓಟಗಳನ್ನು ಕೂರಿಸಿದೆ. ಉದ್ದದ ಓಟ ಮತ್ತು ವಾರದ ಮಧ್ಯದ ಒಂದು ಗಟ್ಟಿ ಓಟ, ಇವೆರಡನ್ನು ಬಿಡುವಂತಿಲ್ಲ. ಉಳಿದೆರಡು ಆದರೆ ಆಯಿತು, ಇಲ್ಲದಿದ್ದರೆ ಇಲ್ಲ. ಹೀಗೆ ಮೊದಲೇ ಮಾಡಿಕೊಂಡಿದ್ದರಿಂದ ಓಟ ತಪ್ಪಿದ ದಿನ ಮುಖ ಊದಿಸಿಕೊಂಡು ಓಡಾಡುವ ಕೆಲಸ ತಪ್ಪಿತು. ನನಗಿಂತ ಮನೆಯವರಿಗೆ ಅದರಿಂದ ಜಾಸ್ತಿ ನೆಮ್ಮದಿ.

ಕ್ಯಾಲೆಂಡರ್ ಮುಂದೆ ಕೂತಾಗಲೇ ಹೊಳೆದದ್ದು ಇನ್ನೊಂದು. ಹಬ್ಬದ ಮರುದಿನ ಬೆಳಿಗ್ಗೆಯೇ ಉದ್ದದ ಓಟ ಇಟ್ಟುಬಿಟ್ಟರೆ ಹೇಗೆ?

ಓಟಗಾರರೆಲ್ಲ ಮಾತಾಡುವ ಗ್ಲೈಕೋಜನ್ ಅಂದರೆ ನಾವು ತಿಂದ ಅನ್ನ, ಬೆಲ್ಲ, ಗೋಧಿಯೆಲ್ಲ ಸಕ್ಕರೆಯಾಗಿ ಸ್ನಾಯುಗಳಲ್ಲೂ ಯಕೃತ್ತಿನಲ್ಲೂ ಶೇಖರವಾಗಿರುವ ರೂಪ. ಒಟ್ಟು ಅರ್ಧ ಕಿಲೋ ಆಸುಪಾಸು ಇರುತ್ತದೆ, ಆಳಿನ ಮೇಲೆ ಸ್ವಲ್ಪ ಹೆಚ್ಚುಕಡಿಮೆ. ಓಡುತ್ತಾ ಓಡುತ್ತಾ ಏನೂ ತಿನ್ನದಿದ್ದರೆ ಬಹಳ ಜನರಿಗೆ 30 ಕಿಲೋಮೀಟರಿನ ಹತ್ತಿರ ಅದು ಬರಿದಾಗಿ ಕಾಲು ಏಳುವುದಿಲ್ಲ. ಇಂಗ್ಲಿಷಿನವರು ಗೋಡೆಗೆ ಗುದ್ದಿದ ಹಾಗೆ ಅನ್ನುವುದು ಇದಕ್ಕೇ. ಹಬ್ಬದೂಟ ಅಂದರೆ ಏನು ಮತ್ತೆ? ಅನ್ನ, ಹೋಳಿಗೆ, ಪಾಯಸ, ಚಿತ್ರಾನ್ನ. ಮಧ್ಯಾಹ್ನ ಎಲೆ ಮುಂದೆ ಕೂತು ಪೂರ್ತಿ ತಿಂದು, ರಾತ್ರಿ ಬರೀ ಅನ್ನ, ತಿಳಿಸಾರು, ಮಜ್ಜಿಗೆಯಲ್ಲಿ ಮುಗಿಸಿ, ಬೇಗ ಮಲಗಿ, ನಾಲ್ಕೂವರೆಗೆ ಎದ್ದು ಹೊರಟರೆ ಟ್ಯಾಂಕ್ ತುಂಬಿಯೇ ಇರುತ್ತದೆ. ಕರಿದದ್ದರಲ್ಲಿ ಮಾತ್ರ ಸ್ವಲ್ಪ ಹಿಡಿತ ಬೇಕು. ಹಿಂದಿನ ರಾತ್ರಿ ಬೋಂಡಾ ತಿಂದು 25 ಕಿಲೋಮೀಟರ್ ಓಡುವುದು ಧೈರ್ಯವಂತರ ಕೆಲಸ. ಮರುದಿನ ಬೆಳಿಗ್ಗೆ ತಕ್ಕಡಿ ಹತ್ತಬೇಡಿ, ಅದೂ ಒಂದು ಮಾತು. ಪ್ರತಿ ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರು ಕೂತಿರುತ್ತದೆ, ತೂಕ ಕಿಲೋ ಮೇಲೆ ಏರಿದ್ದರೆ ಅದೆಲ್ಲ ಕೊಬ್ಬಲ್ಲ.

ಈ ಲೆಕ್ಕ ಮನೆಯಲ್ಲಿ ಹೇಳಿದಾಗ ಅತ್ತೆಗೆ ಬಹಳ ಸಮಾಧಾನವಾಯಿತು. ಓಡುವವರು ಊಟ ಬಿಡುತ್ತಾರೆ ಅಂತ ಎಲ್ಲಿಯೋ ಕೇಳಿದ್ದರಂತೆ. "ತಿನ್ನಲಿಕ್ಕಾದ್ರೆ ಓಡು ಮಾರಾಯ್ತಿ, ನಂದೇನೂ ಅಡ್ಡಿ ಇಲ್ಲ" ಅಂದರು ಫೋನಿನಲ್ಲಿ.

ಬೆಂಗಳೂರಿನ ದಿನಗಳ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಮರಗಳ ಕೆಳಗೆ ಸುತ್ತು ಹಾಕುವುದು, ಹಾಲಿನವರ ಜೊತೆ ಮನೆಗೆ ಬರುವುದು, ಡಬ್ಬಿ ಕಟ್ಟುವುದು, ಆಫೀಸು. ಗಂಡನ ಜೊತೆ ಒಪ್ಪಂದ ಸರಳವಾಗಿತ್ತು. ನಾನು ಓಡುವ ಬೆಳಿಗ್ಗೆ ತಿಂಡಿ ಅವರದು, ಅವರ ಬ್ಯಾಡ್ಮಿಂಟನ್ ಸಂಜೆಗಳಲ್ಲಿ ಅಡುಗೆಮನೆ ನನ್ನದು. ಅವರಿಗೆ ಬರುತ್ತಿದ್ದುದು ಉಪ್ಪಿಟ್ಟು ಒಂದೇ. ಅಕ್ಟೋಬರ್ ಹೊತ್ತಿಗೆ ಮಕ್ಕಳು ಗಲಾಟೆ ಶುರು ಮಾಡಿದ ಮೇಲೆ ದೋಸೆ ಹುಯ್ಯುವುದನ್ನು ಕಲಿತರು. ಈಗ ನನಗಿಂತ ತೆಳ್ಳಗೆ ಹುಯ್ಯುತ್ತಾರೆ. ಬಾಯಿ ಬಿಟ್ಟು ಹೇಳಿಲ್ಲ, ಹೇಳಿದರೆ ಗತ್ತು ಬರುತ್ತದೆ.

ಕಷ್ಟ ಬಂದದ್ದು ನಾನು ಎಣಿಸದೇ ಇದ್ದ ಕಡೆಯಿಂದ. ಶಾಲೆಯಲ್ಲಿ "ನಮ್ಮ ಭಾನುವಾರ" ಅಂತ ಪ್ರಬಂಧ ಬರೆಸಿದ್ದರು. ಮಗಳು ಬರೆದಿದ್ದಳು: "ಭಾನುವಾರ ಅಮ್ಮ ಓಡಿ ಬಂದು ಮಲಗುತ್ತಾಳೆ. ನಾವು ಸದ್ದು ಮಾಡಬಾರದು." ಟೀಚರ್ ಅದರ ಕೆಳಗೆ ಕೆಂಪು ಇಂಕಿನಲ್ಲಿ "ಚೆನ್ನಾಗಿದೆ" ಅಂತ ಬರೆದಿದ್ದರು. ನೋಡಿ, ಓಡುವುದು ಎರಡೂವರೆ ಮೂರು ಗಂಟೆ. ಅಷ್ಟೊತ್ತಿಗೆ ಮಕ್ಕಳು ಏಳುವುದೂ ಇಲ್ಲ, ಅದನ್ನು ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ. ಮನೆಯವರಿಂದ ಕಸಿಯುತ್ತಿದ್ದುದು ಆಮೇಲಿನ ಮಧ್ಯಾಹ್ನವನ್ನು. ಅವತ್ತಿನಿಂದ ಉದ್ದದ ಓಟವನ್ನು ಶನಿವಾರಕ್ಕೆ ಹಾಕಿದೆ. ನನಗೆ ರಜ, ಮಕ್ಕಳಿಗೆ ಅರ್ಧ ದಿನ ಶಾಲೆ. ಅವರು ಬರುವಷ್ಟರಲ್ಲಿ ನಾನು ಸ್ನಾನ, ಊಟ, ನಿದ್ದೆ ಎಲ್ಲ ಮುಗಿಸಿ ಮನುಷ್ಯಳಾಗಿರುತ್ತಿದ್ದೆ. ಭಾನುವಾರ ಪೂರ್ತಿ ಮನೆಗೆ. ಜೊತೆಗೆ ಓಡುವ ಗೆಳತಿಯರು ತಪ್ಪಿಹೋದರು ಅನ್ನುವುದು ನಿಜ, ಗುಂಪುಗಳೆಲ್ಲ ಸೇರುವುದು ಭಾನುವಾರವೇ. ಒಂಟಿಯಾಗಿ 24 ಕಿಲೋಮೀಟರ್ ಓಡುವುದು ಬೇಜಾರಿನ ಕೆಲಸ, ಅದನ್ನು ಸಿಹಿ ಮಾಡಿ ಹೇಳುವ ಅಗತ್ಯ ಇಲ್ಲ.

ಈಗ ಸೀಗಿ ಹುಣ್ಣಿಮೆಯ ಕಥೆ ಹೇಳುತ್ತೇನೆ. ಈ ಇಡೀ ತಯಾರಿಯಲ್ಲಿ ನನಗೆ ಹೆಚ್ಚು ಇಷ್ಟವಾದ ಓಟ ಅದು.

ಉತ್ತರ ಕರ್ನಾಟಕದವರಿಗೆ ಗೊತ್ತು, ಸೀಗಿ ಹುಣ್ಣಿಮೆಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಬೆಳೆದು ನಿಂತ ಪೈರು ಬಸುರಿ, ಅವಳ ಬಯಕೆ ತೀರಿಸಬೇಕು ಅಂತ ಭೂಮಿತಾಯಿಗೆ ಪೂಜೆ ಮಾಡಿ ಹೊಲದ ತುಂಬ ಚರಗ, ಅಂದರೆ ನೈವೇದ್ಯದ ಅಡುಗೆ, ಚೆಲ್ಲುತ್ತಾರೆ, ಆಮೇಲೆ ಎಲ್ಲರೂ ಅಲ್ಲೇ ಕೂತು ಉಣ್ಣುವುದು. ಕಾಕಾನ ಹೊಲ ಇರುವುದು ಅಮ್ಮಿನಭಾವಿ ಕಡೆ. ಎಲ್ಲರೂ ಒಂಬತ್ತು ಗಂಟೆ ಮೇಲೆ ಟ್ರ್ಯಾಕ್ಟರಿನಲ್ಲಿ ಹೊರಡುವವರಿದ್ದರು. ನನ್ನ ಪಟ್ಟಿಯಲ್ಲಿ ಆ ವಾರದ ಉದ್ದದ ಓಟ ಬಾಕಿ ಇತ್ತು. ಊಟ ಹೊಲದಲ್ಲೇ ಅಂದಮೇಲೆ ನಾನು ಓಡಿಕೊಂಡೇ ಬರುತ್ತೇನೆ ಅಂದೆ. ಅವ್ವ ಹಣೆ ಚಚ್ಚಿಕೊಂಡಳು, ಅಪ್ಪ ನಕ್ಕು ಟಾರ್ಚ್ ಕೊಟ್ಟರು.

ಕತ್ತಲಿರುವಾಗಲೇ ಹೊರಟು ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿ ಸುತ್ತು ಹಾಕಿದೆ. ಅಲ್ಲಿ ಏರಿಳಿತ ಚೆನ್ನಾಗಿದೆ, ತೊಡೆಗೆ ಕೆಲಸ. ಬೆಳಕು ಹರಿದ ಮೇಲೆ ಊರು ದಾಟಿ ಸವದತ್ತಿ ರಸ್ತೆ ಹಿಡಿದೆ. ಎರಡೂ ಕಡೆ ಎರೆಹೊಲ. ಹಿಂದಿನ ವಾರ ಮಳೆಯಾಗಿತ್ತು. ರಸ್ತೆ ಬಿಟ್ಟು ಒಂದು ಹೆಜ್ಜೆ ಆಚೆ ಇಟ್ಟರೆ ಬೂಟಿನ ತಳಕ್ಕೆ ಎರೆಮಣ್ಣು ಹತ್ತಿ ಒಂದೊಂದು ಕಾಲೂ ಎರಡು ಕಿಲೋ ಆಗುತ್ತಿತ್ತು. ಕಟ್ಟಿಗೆ ತುಂಡಿನಿಂದ ಕೆರೆದು ಕೆರೆದು ಮುಂದೆ ಹೋದೆ. ಎದುರಿಗೆ ಬಂದ ಅಜ್ಜ ಒಬ್ಬರು ನಿಂತು ಕೇಳಿದರು, "ಯಾಕವಾ ತಂಗಿ, ಬಸ್ಸು ತಪ್ಪೇತೇನು?" ಸ್ವಲ್ಪ ದೂರ ಹೋದ ಮೇಲೆ ಟ್ರ್ಯಾಕ್ಟರ್ ಒಂದು ಪಕ್ಕಕ್ಕೆ ಬಂದು ನಿಧಾನವಾಯಿತು.

"ಹತ್ತವಾ, ಬಿಡ್ತೇನಿ."

"ಬ್ಯಾಡ್ರಿ ಕಾಕಾ, ಬೇಕಂತನ ಓಡಾಕತ್ತೇನಿ."

"ಬೇಕಂತನ?" ಅಂದರು ಆತ. ನಂಬಿಕೆ ಬರದೆ ಇನ್ನೂ ಸ್ವಲ್ಪ ದೂರ ನನ್ನ ಪಕ್ಕದಲ್ಲೇ ಟ್ರ್ಯಾಕ್ಟರ್ ಓಡಿಸಿದರು. ಹಿಂದೆ ಕೂತ ಹೆಂಗಸರು ಬುತ್ತಿಗಂಟು ತೊಡೆ ಮೇಲೆ ಇಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು. ಒಬ್ಬಾಕೆ ಕೈ ಚಾಚಿ ಕರ್ಚಿಕಾಯಿ ಕೊಟ್ಟಳು. ಓಡುತ್ತಲೇ ತಿಂದೆ. ಜೇಬಿನಲ್ಲಿ ಎನರ್ಜಿ ಜೆಲ್ ಇತ್ತು, ಅದು ಹಾಗೇ ಉಳಿಯಿತು.

ಹೊಲ ಮುಟ್ಟಿದಾಗ ನಮ್ಮವರಿನ್ನೂ ಬಂದಿರಲಿಲ್ಲ. ಬೋರ್‌ವೆಲ್ ನೀರಿನಲ್ಲಿ ಕೈಕಾಲು ಮುಖ ತೊಳೆದು ಬೇವಿನ ಮರದ ಕೆಳಗೆ ಕೂತೆ. ಆಮೇಲೆ ಬಂತು ನೋಡಿ ಊಟ. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಲೆ, ಮಡಕಿಕಾಳು, ಶೇಂಗಾ ಹಿಂಡಿ, ಗಟ್ಟಿ ಮೊಸರು, ಎಳ್ಳಿನ ಹೋಳಿಗೆ, ಶೇಂಗಾ ಹೋಳಿಗೆ, ಕೊನೆಗೆ ಮೊಸರನ್ನ. ಓಡಿದ ಮೇಲೆ ಬೇಗ ಒಂದಿಷ್ಟು ಪಿಷ್ಟ, ಒಂದಿಷ್ಟು ಪ್ರೊಟೀನ್, ಉಪ್ಪು ಹೊಟ್ಟೆಗೆ ಬೀಳಬೇಕು ಅನ್ನುತ್ತಾರಲ್ವಾ, ಕಾಳು, ಶೇಂಗಾ, ಮೊಸರು, ರೊಟ್ಟಿ ಅಂದಮೇಲೆ ಇನ್ನೇನು ಬಾಕಿ? ಶೇಂಗಾ ಹೋಳಿಗೆಯನ್ನು ಮಾತ್ರ ಓಟದ ಮುಂಚೆ ತಿನ್ನಬೇಡಿ, ಎಣ್ಣೆಕಾಳು, ಅರಗಲು ಹೊತ್ತು ಬೇಕು. ಓಟದ ಆಮೇಲೆ ಎಷ್ಟಾದರೂ ಆಗಲಿ. ಅವತ್ತು ನಾನು ತಿಂದದ್ದನ್ನು ಅವ್ವ ಇನ್ನೂ ನೆಂಟರಿಗೆಲ್ಲ ಹೇಳುತ್ತಾಳೆ.

ಶಿರಸಿಯ ಓಟಗಳು ಬೇರೆಯೇ ರೀತಿ. ಅಲ್ಲಿ ದೀಪಾವಳಿಗೆ ದೊಡ್ಡಹಬ್ಬ ಅನ್ನುತ್ತಾರೆ. ಮೂರು ದಿನ ಮನೆ ತುಂಬ ಜನ, ಗೋಪೂಜೆ. ರಾತ್ರಿ ಬಸ್ಸಿನಲ್ಲಿ ಹೋದರೆ ಬೆಳಿಗ್ಗೆ ಪಾದ ಊದಿರುತ್ತದೆ, ನಿದ್ದೆಯೂ ಅರ್ಧ. ಅವತ್ತು ಓಡುವುದಿಲ್ಲ ಅಂತಲೇ ಬರೆದಿಟ್ಟಿದ್ದೆ, ವಿಶ್ರಾಂತಿಯ ದಿನ ಹೇಗೂ ಬೇಕಲ್ಲ, ಅದನ್ನು ಪ್ರಯಾಣದ ಮೇಲೆ ಹಾಕಿಬಿಡುವುದು. ಮರುದಿನದಿಂದ ಕಿಲೋಮೀಟರ್ ನೋಡದೆ ಗಡಿಯಾರ ನೋಡಿ ಓಡಿದೆ. ನಮ್ಮೂರಿನ ರಸ್ತೆ ಎಲ್ಲೂ ಸಪಾಟಿಲ್ಲ. ಒಂದು ತೋಟಕ್ಕೆ ಇಳಿದು ಇನ್ನೊಂದು ಗುಡ್ಡ ಹತ್ತಿದರೆ ಬೆಂಗಳೂರಿನಲ್ಲಿ ಒಂದು ಗಂಟೆಗೆ ಮುಗಿಯುವ ದೂರಕ್ಕೆ ಇಲ್ಲಿ ಇನ್ನೂ ಕಾಲು ಗಂಟೆ ಬೇಕು. ಮುಂಬೈ ಓಟದ ದಾರಿಯಲ್ಲಿ ಬರುವ ಪೆಡ್ಡರ್ ರಸ್ತೆಯ ಏರಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಮಳೆ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ, ಕಾಲು ಎಳೆದು ಸ್ಟ್ರೆಚ್ ಮಾಡೋಣ ಅಂತ ಹುಲ್ಲಿನ ಪಕ್ಕ ನಿಂತರೆ ಉಂಬಳ ಹತ್ತುತ್ತಿದ್ದವು. ಮಲೆನಾಡಿನಲ್ಲಿ ಸ್ಟ್ರೆಚಿಂಗ್ ಎಲ್ಲ ಅಂಗಳಕ್ಕೆ ಬಂದ ಮೇಲೆಯೇ.

ಒದ್ದೆ ಬೂಟು ಒಣಗಿಸುವುದು ಇನ್ನೊಂದು ಸಾಹಸ. ಒಳಗಿನ ಅಟ್ಟೆ ತೆಗೆದು, ಹಳೇ ಪೇಪರ್ ಉಂಡೆ ಮಾಡಿ ತುರುಕಿ, ಬಚ್ಚಲ ಒಲೆಯ ಎದುರು ಒಂದು ಮಾರು ದೂರದಲ್ಲಿ ಇಡಬೇಕು. ಹತ್ತಿರ ಇಟ್ಟರೆ ಅಂಟು ಬಿಡುತ್ತದೆ. ಮಾವ ದಿನಾ ರಾತ್ರಿ ಹಂಡೆಗೆ ಕಟ್ಟಿಗೆ ಒಡ್ಡುವಾಗ ಅದರ ಪೇಪರ್ ಬದಲಾಯಿಸಿ ಮಗುಚಿ ಇಡುತ್ತಿದ್ದರು. ಓಡುವುದರ ಬಗ್ಗೆ ಅವರು ನನ್ನ ಹತ್ತಿರ ಒಂದು ಮಾತೂ ಆಡಿದವರಲ್ಲ.

ಅತ್ತೆಯ ಸೌತೆಕಾಯಿ ಕಡುಬಿಗೆ ನಾನು ಪ್ರತ್ಯೇಕ ಜಾಗ ಕೊಡಬೇಕು. ಅಕ್ಕಿ, ಬೆಲ್ಲ, ಸೌತೆಕಾಯಿ, ಹಬೆಯಲ್ಲಿ ಬೆಂದದ್ದು, ಎಣ್ಣೆ ಇಲ್ಲ. ತುಪ್ಪ ಹಾಕದೆ ಎರಡು ತಿಂದು ಒಂದು ಗಂಟೆ ಬಿಟ್ಟು ಹೊರಟರೆ ಹೊಟ್ಟೆ ತಕರಾರು ಮಾಡುವುದೇ ಇಲ್ಲ. ಬಂದ ಮೇಲೆ ಅಪ್ಪೆಹುಳಿ. ಉಪ್ಪಿನಲ್ಲಿಟ್ಟ ಮಾವಿನಕಾಯಿ ಕಿವುಚಿ, ನೀರು ಬೆರೆಸಿ, ಇಂಗಿನ ಒಗ್ಗರಣೆ. ಬೆವರಿನಲ್ಲಿ ಹೋದ ಉಪ್ಪು ವಾಪಸ್ ಬರಬೇಕಲ್ಲ, ಅಂಗಡಿಯ ಬಣ್ಣದ ನೀರಿನ ಆಸೆಯೇ ಹುಟ್ಟಲಿಲ್ಲ. ನಿಂತ ಜಾಗದಲ್ಲೇ ದೊಡ್ಡ ಲೋಟದಲ್ಲಿ ಕುಡಿದು ಆಮೇಲೆ ಮಾತು. ಮಗ ಅಲ್ಲಿ ತನ್ನ ಅಣ್ಣಂದಿರ ಹಳೇ ಸೈಕಲ್ ಹಿಡಿದು ನೀರಿನ ಬಾಟಲಿ ತರುವ ಕೆಲಸ ವಹಿಸಿಕೊಂಡಿದ್ದ. ಇಳಿಜಾರಿನಲ್ಲಿ ನನ್ನನ್ನು ಬಿಟ್ಟು ಹೋಗಿ, ಏರಿನಲ್ಲಿ ಸೈಕಲ್ ತಳ್ಳುತ್ತಾ ಕಾಯುತ್ತಿದ್ದ. ಬಾಟಲಿಯ ಅರ್ಧ ನೀರು ಅವನೇ ಕುಡಿದಿರುತ್ತಿದ್ದ.

ಡಿಸೆಂಬರಿನಲ್ಲಿ ಸಿಕ್ಕಿಬಿದ್ದದ್ದು 32 ಕಿಲೋಮೀಟರ್. ಆ ವಾರಾಂತ್ಯವೇ ಹುಬ್ಬಳ್ಳಿಯಲ್ಲಿ ಮಾಮಾನ ಮಗಳ ಮದುವೆ. ಮೂರು ದಿನದ ಮದುವೆಯಲ್ಲಿ ಮೂರೂವರೆ ಗಂಟೆ ಕಾಣೆಯಾದರೆ ಜನ ಏನಂದುಕೊಂಡಾರು ಅನ್ನುವುದು ಆಮೇಲಿನ ಮಾತು, ನನಗೇ ಮದುವೆ ಬಿಡಲು ಮನಸ್ಸಿರಲಿಲ್ಲ. ಬುಧವಾರ ಅರ್ಧ ದಿನ ರಜೆ ಹಾಕಿ ಬೆಂಗಳೂರಿನಲ್ಲೇ ಓಡಿ ಮುಗಿಸಿದೆ. ಉದ್ದದ ಓಟ ವಾರದ ಕೊನೆಗೇ ಇರಬೇಕು ಅಂತ ಕಾಲಿಗೆ ಗೊತ್ತಿರುವುದಿಲ್ಲ, ನಮಗೆ ಮಾತ್ರ ಗೊತ್ತು. ಕೊನೆಯ ಐದು ಕಿಲೋಮೀಟರ್ ಬಹಳ ಕೆಟ್ಟದಾಗಿತ್ತು, ಅದರ ವರ್ಣನೆ ಬೇಡ. ಮದುವೆಯಲ್ಲಿ ಬಫೆ ಸಾಲು ಬಿಟ್ಟು ಪಂಕ್ತಿಯಲ್ಲಿ ಕೂತೆ, ನಿಲ್ಲುವ ಕಾಲು ಇರಲಿಲ್ಲ.

ಆಮೇಲಿನ ಮೂರು ವಾರ ಓಟ ಕಡಿಮೆ ಮಾಡುತ್ತಾ ಬರಬೇಕು. ಇದು ಮನೆಯವರಿಗೆ ಹಬ್ಬ, ಓಡುವವರಿಗೆ ಶಿಕ್ಷೆ. ಸುಮ್ನೆ ಕೂತರೆ ಮಂಡಿ ನೋವು ಬಂದ ಹಾಗೆ, ಗಂಟಲು ಕೆರೆದ ಹಾಗೆ ಎಲ್ಲಾ ಅನ್ನಿಸುತ್ತದೆ. ಮಕ್ಕಳ ಹಳೇ ಪುಸ್ತಕಗಳ ಕಪಾಟು ಆ ದಿನಗಳಲ್ಲೇ ಚೊಕ್ಕಟವಾಯಿತು.

ಓಟದ ವಾರದಲ್ಲಿ ಬಂದದ್ದು ಸಂಕ್ರಾಂತಿ. ಮೂರನೇ ಭಾನುವಾರ ಅಂದರೆ 15ರಿಂದ 21ರೊಳಗೆ, ಹಾಗಾಗಿ ಸಂಕ್ರಾಂತಿ ಪ್ರತಿ ವರ್ಷವೂ ಓಟದ ಮುಂಚಿನ ದಿನಗಳಲ್ಲೋ, ಅದರ ಆಸುಪಾಸಿನಲ್ಲೋ ಬೀಳುತ್ತದೆ. ದೂರದ ಓಟಕ್ಕೆ ಒಂದೆರಡು ದಿನ ಮೊದಲು ಪಿಷ್ಟದ ಆಹಾರ ಜಾಸ್ತಿ ಮಾಡಬೇಕು ಅನ್ನುತ್ತಾರೆ, ಕಿಲೋ ತೂಕಕ್ಕೆ ದಿನಕ್ಕೆ ಎಂಟು ಹತ್ತು ಗ್ರಾಂ. ನನ್ನ ತೂಕಕ್ಕೆ ಅದು ದಿನಕ್ಕೆ 450 ಗ್ರಾಂ ಮೇಲೆ. ಬರೀ ಅನ್ನದಲ್ಲೇ ಆ ಲೆಕ್ಕ ಮುಟ್ಟಿಸಲು ಹೋದರೆ ಬೆಂದ ಅನ್ನ ಬಟ್ಟಲುಗಟ್ಟಲೆ ಬೇಕು, ಹೊಟ್ಟೆ ಬಿರಿಯುತ್ತದೆ. ಸಿಹಿ ಹುಗ್ಗಿ, ಬಾಳೆಹಣ್ಣು, ಬೆಲ್ಲದ ಪಾನಕ, ಅವಲಕ್ಕಿ ಅಂತ ಹಂಚಿಕೊಂಡರೆ ಸುಲಭ. ಹುಗ್ಗಿಗೆ ತುಪ್ಪ, ಬೇಳೆ ಕಡಿಮೆ ಮಾಡಿದೆ. ಎಳ್ಳುಬೆಲ್ಲದಲ್ಲಿ ಬೆಲ್ಲ ಆರಿಸಿ ತಿಂದೆ, ಮಕ್ಕಳು ಕೊಬ್ಬರಿ ಆರಿಸಿದರು, ಉಳಿದ ಎಳ್ಳು ನಮ್ಮವರ ಪಾಲಿಗೆ.

ಮುಂಬೈಯಲ್ಲಿ ಚಿಕ್ಕತ್ತೆಯ ಮನೆಯಲ್ಲಿ ಇಳಿದುಕೊಂಡೆವು. ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿಗೆ ಹೋಗಿ ಓಟದ ನಂಬರ್ ತಂದದ್ದು ಬಿಟ್ಟರೆ ಊರು ಸುತ್ತಲಿಲ್ಲ, ಗೇಟ್‌ವೇ ಎಲ್ಲ ಓಟದ ಮರುದಿನಕ್ಕೆ ಅಂತ ಮಕ್ಕಳಿಗೆ ಮೊದಲೇ ಮಾತು ಕೊಟ್ಟಿದ್ದೆ. ಬೆಳಗಿನ ಜಾವ ಲೋಕಲ್ ಹತ್ತಿ ಓಟ ಶುರುವಾಗುವ ಸಿಎಸ್‌ಎಂಟಿ ಸ್ಟೇಷನ್ ತಲುಪಿದರೆ ಡಬ್ಬಿ ತುಂಬ ನಂಬರ್ ಅಂಟಿಸಿಕೊಂಡವರೇ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಮುಂಬೈಗೆ ಇಳಿದರೆ ಉಸಿರಾಟ ಸ್ವಲ್ಪ ಹಗುರ. ಆದರೆ ಆ ಲಾಭವನ್ನೆಲ್ಲ ಸೆಕೆ ತಿಂದುಹಾಕುತ್ತದೆ. ಬಾಂದ್ರಾ-ವರ್ಲಿ ಸೇತುವೆಯ ಮೇಲೆ ಗಾಳಿ ಇತ್ತು, ಅಲ್ಲಿಯವರೆಗೆ ಎಲ್ಲ ಆರಾಮ. ಪ್ರತಿ ಅರ್ಧ ಗಂಟೆಗೊಮ್ಮೆ ಖರ್ಜೂರವೋ ಬೆಲ್ಲದ ತುಂಡೋ ಬಾಯಿಗೆ, ಮೇಲೆ ನೀರು.

ಮುಂಬೈಯ ಜನರನ್ನು ಹೊಗಳಲೇಬೇಕು. ಶಿವಾಜಿ ಪಾರ್ಕಿನ ಆಸುಪಾಸಿನಲ್ಲಿ ಅಜ್ಜಿಯರು, ಮಕ್ಕಳು ರಸ್ತೆ ಪಕ್ಕ ತಟ್ಟೆ ಹಿಡಿದು ನಿಂತಿದ್ದರು. ಉಪ್ಪು ಹಚ್ಚಿದ ಕಿತ್ತಳೆ, ಬಿಸ್ಕತ್ತು, ಚಿಕ್ಕಿ. ಎಲ್ಲರ ತಟ್ಟೆಯಿಂದಲೂ ತೆಗೆದುಕೊಂಡರೆ ಓಟ ಮುಗಿಯುವುದಿಲ್ಲ. ತೆಗೆದುಕೊಳ್ಳದೆ ಹೋಗಲು ಮನಸ್ಸು ಬರುವುದಿಲ್ಲ. ನಮ್ಮವರು, ಮಕ್ಕಳು, ಚಿಕ್ಕತ್ತೆ ನಿಂತಿದ್ದೂ ಅಲ್ಲೇ. ಮಗಳ ಕೈಯಲ್ಲಿ ರಟ್ಟು. ಅದರ ಮೇಲೆ ದಪ್ಪ ಅಕ್ಷರದಲ್ಲಿ: "ಅಮ್ಮಾ ಬೇಗ ಓಡು, ನಮಗೆ ಹಸಿವಾಗ್ತಿದೆ." ಪಕ್ಕದಲ್ಲಿ ಓಡುತ್ತಿದ್ದವರೊಬ್ಬರು ಓದಿ ಗಟ್ಟಿಯಾಗಿ ನಕ್ಕರು, ಮಂಗಳೂರಿನವರಂತೆ. ಪೆಡ್ಡರ್ ರಸ್ತೆಯ ಏರು ಮುಗಿಯುವವರೆಗೆ ಜೊತೆಗೇ ಬಂದರು. 35 ಕಿಲೋಮೀಟರ್ ದಾಟಿದ ಮೇಲೆ ಸಿಗುವ ಆ ಏರನ್ನು ನಾನು ಅರ್ಧ ಓಡಿ ಅರ್ಧ ನಡೆದೆ. ಒಟ್ಟು ಐದು ಗಂಟೆಯೊಳಗೆ ಮುಗಿಯಿತು. ಅದಕ್ಕಿಂತ ಹೆಚ್ಚಿನ ಆಸೆ ಇರಲಿಲ್ಲ.

ಮಧ್ಯಾಹ್ನ ಎಲ್ಲರೂ ಮಾಟುಂಗಕ್ಕೆ ಹೋದೆವು. ಅಲ್ಲಿ ಸ್ಟೇಷನ್ ಪಕ್ಕದ ರಾಮ ನಾಯಕರ ಉಡುಪಿ ಹೋಟೆಲ್ 1942ರಿಂದ ಇದೆ, ಬಾಳೆ ಎಲೆ ಊಟ. ಮೆಟ್ಟಿಲು ಹತ್ತಲು ಕಂಬಿ ಹಿಡಿದುಕೊಂಡೆ, ಮಗ ಹಿಂದಿನಿಂದ ದಬ್ಬಿದ. ಬಡಿಸುವವರು ನನ್ನ ಕುತ್ತಿಗೆಯ ಪದಕ ನೋಡಿ ಏನೂ ಕೇಳದೆ ಎಲೆಗೆ ಇನ್ನೊಂದು ಸೌಟು ಅನ್ನ ಹಾಕಿದರು. ಸಾರು, ಹುಳಿ, ಪಲ್ಯ, ಮಜ್ಜಿಗೆ, ಮತ್ತೆ ಅನ್ನ, ಮತ್ತೆ ಸಾರು.

ನಮ್ಮವರು ಊಟದ ಮಧ್ಯೆ ಫೋನ್ ತೆಗೆದು ಮುಂದಿನ ಓಟ ಯಾವುದು ಅಂತ ಹುಡುಕತೊಡಗಿದರು. ನನಗಲ್ಲ, ಅವರಿಗೆ. ಬೆಂಗಳೂರಿನಲ್ಲಿ ಬೇಸಿಗೆಯಲ್ಲಿ ನಡೆಯುವ 10 ಕಿಲೋಮೀಟರ್ ಓಟ ಸಾಕು ಅಂತ ತೀರ್ಮಾನವಾಯಿತು. ತಿಂಡಿ ಹೊತ್ತಿಗೆ ಮನೆಗೆ ಬರಬಹುದು, ಮಾವಿನಹಣ್ಣಿನ ಕಾಲ ಬೇರೆ. ಅವತ್ತು ದೋಸೆ ನಾನು ಹುಯ್ಯಬೇಕಂತೆ.